ಅರ್ಧ ಫೀಸಿನ ಸೀಟು

ಮಾರ್ಚ್ 3, ಸೋಮವಾರ

ಬೆಳಗಿನ ಜಾವ ಮೂರು ಗಂಟೆ. ಎಬ್ಬಿಸಿದ್ದು ಮಗುವಲ್ಲ, ದಿಂಬಿನಡಿಯ ಫೋನು. "ಟಿಣ್" ಎಂದಿತು. ಆ ಸದ್ದಿಗೆ ನಾನೆದ್ದೆ, ನನ್ನ ಸದ್ದಿಗೆ ಮಗಳು ಎದ್ದಳು, ಅವಳ ಸದ್ದಿಗೆ ಪಕ್ಕದ ಕೋಣೆಯಲ್ಲಿ ಅತ್ತೆ ಕೆಮ್ಮಿದರು. ಫೋನಿನಲ್ಲಿ ಇದ್ದದ್ದು ಇಷ್ಟು: "ನೀವಿನ್ನೂ ಮಲಗಿದ್ದೀರಾ? ನಿಮ್ಮ ಭವಿಷ್ಯ ಎದ್ದು ಕುಳಿತಿದೆ! ಕೋಡಿಂಗ್ ಮತ್ತು ಡಿಸೈನ್ ಬೂಟ್‌ಕ್ಯಾಂಪ್. ಕೊನೆಯ ಕೆಲವೇ ಸೀಟುಗಳು."

ನನ್ನ ಭವಿಷ್ಯ ಎದ್ದು ಕುಳಿತಿರುವುದೇನೋ ನಿಜ. ಎಂಟು ತಿಂಗಳಿನದು. ಎಡತೋಳಿನ ಮೇಲೆ ಕುಳಿತು ನನ್ನ ಮೂಗು ಹಿಡಿದು ಎಳೆಯುತ್ತಿದೆ. ಬಲಗೈಯ ಹೆಬ್ಬೆರಳೊಂದೇ ಬಿಡುವಾಗಿದೆ. ಇದನ್ನು ಬರೆಯುತ್ತಿರುವುದು ಅದು.

ನಿದ್ದೆ ಬರದಿದ್ದರೆ ತಲೆಯಲ್ಲಿರುವುದನ್ನು ಬರೆದುಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ತಲೆಯಲ್ಲಿರುವುದು ಒಂದೇ ವಿಷಯ. ಹೆರಿಗೆ ರಜೆ ಮುಗಿಸಿ ಹೋದ ದಿನ ಇನ್ಶೂರೆನ್ಸ್ ಆಫೀಸಿನವರು "ನಿಮ್ಮ ಹುದ್ದೆಯೇ ಈಗ ಇಲ್ಲ" ಎಂದು ಒಂದಿಷ್ಟು ಹಣ ಕೊಟ್ಟು ಕಳಿಸಿದರು. ದೂರಿನ ಪತ್ರಗಳಿಗೆ ನಾನು ಬರೆಯುತ್ತಿದ್ದ ಉತ್ತರಗಳನ್ನು ಈಗ ಯಂತ್ರವೇ ಬರೆಯುತ್ತದಂತೆ. ಆ ಹಣ ಬ್ಯಾಂಕಿನಲ್ಲಿದೆ. ಅದರಲ್ಲಿ ಹೊಸದೇನಾದರೂ ಕಲಿತು ಮತ್ತೆ ಕೆಲಸಕ್ಕೆ ಸೇರಬೇಕು. "ನಿನ್ನ ದುಡ್ಡು, ನೀನೇ ನೋಡ್ಕೋ" ಎಂದರು ನನ್ನ ಗಂಡ. ಅದೇ ಭಯ. ಬೇರೆಯವರ ದುಡ್ಡಾಗಿದ್ದರೆ ಧೈರ್ಯವಾಗಿ ಹಾಳು ಮಾಡಬಹುದಿತ್ತು.

ತಪ್ಪು ಕೋರ್ಸಿಗೆ ಕಟ್ಟಿದರೆ ಮುಗಿದೇ ಹೋಯಿತು. ಯಾವುದಕ್ಕೂ ಕಟ್ಟದೆ ಇಟ್ಟರೆ ಅಷ್ಟೂ ಡೈಪರ್ ಆಗಿ ಹೋಗುತ್ತದೆ.

ಮಾರ್ಚ್ 4, ಮಂಗಳವಾರ

ಮೂರು ಬೂಟ್‌ಕ್ಯಾಂಪುಗಳು, ಅಂದರೆ ಅವಸರದ ಕೋರ್ಸುಗಳು, ನನ್ನ ಮುಂದಿವೆ.

ಒಂದು, ರಾತ್ರಿ ಟಿಣ್ ಎಂದದ್ದು. ದುಬಾರಿ. ಅದರ ಪುಟದ ತುಂಬ ಲ್ಯಾಪ್‌ಟಾಪ್ ನೋಡಿ ನಗುವ ಹೆಂಗಸರ ಚಿತ್ರಗಳು. ಲ್ಯಾಪ್‌ಟಾಪ್ ನೋಡಿ ಯಾರಾದರೂ ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ. ಇನ್ನೊಂದು ಅಗ್ಗದ್ದು: ಯಾರೋ ಒಬ್ಬ ಮೂಗು ಸೊರ್ ಎಂದು ಎಳೆಯುತ್ತ ಮಾತಾಡುವ ವಿಡಿಯೊಗಳು. ಸುಮ್ಮನೆ ನೋಡುತ್ತ ಕೂರಬೇಕು. ನಾನು ಕೂತರೆ ನಿದ್ದೆ ಹೋಗುತ್ತೇನೆ, ಅದೂ ಹಗಲಲ್ಲಿ ಮಾತ್ರ.

ಮೂರನೆಯದನ್ನು ಒಬ್ಬ ಟೀಚರಮ್ಮ ನಡೆಸುತ್ತಾರೆ. ಪುಟದಲ್ಲಿ ಚಿತ್ರವೇ ಇಲ್ಲ. "ಮೊದಲ ಕೆಲವು ಪಾಠ ಉಚಿತ. ಸರಿ ಅನ್ನಿಸಿದರೆ ದುಡ್ಡು ಕೊಡಿ. ಅರ್ಧ ಫೀಸಿನ ಸೀಟು ಒಂದೇ ಒಂದಿದೆ, ತಿಂಗಳ ಕೊನೆಗೆ ಯಾರಿಗೆಂದು ತೀರ್ಮಾನಿಸುತ್ತೇನೆ" ಎಂದಷ್ಟೇ ಇದೆ. ಪೂರ್ತಿ ಫೀಸು ಕಟ್ಟಿದರೆ ನನ್ನ ಖಾತೆ ಒರೆಸಿಟ್ಟ ಹಾಗಾಗುತ್ತದೆ. ಅರ್ಧವಾದರೆ ಉಸಿರಾಡಬಹುದು.

ಮಧ್ಯಾಹ್ನ ದುಬಾರಿಯವರ ಸಲಹೆಗಾರ ಮತ್ತೆ ಫೋನ್ ಮಾಡಿದರು. ಹೆಸರು ಹೇಳಿದರು, ನೆನಪಿಲ್ಲ. ನನ್ನ ಪಾಲಿಗೆ ಅವರು ಭವಿಷ್ಯ.

"ಮೇಡಂ, ಏನ್ ಯೋಚನೆ ಮಾಡಿದ್ರಿ?"

"ಯೋಚನೆ ಮಾಡ್ಬೇಕು ಅಂತ ಯೋಚನೆ ಮಾಡಿದ್ದೀನಿ."

"ಆರೇ ತಿಂಗಳು ಮೇಡಂ. ಆಮೇಲೆ ನೋಡಿ, ನೀವೇ ಬೇರೆ ಆಗ್ಬಿಡ್ತೀರಿ."

"ನಾನೇ ಬೇರೆ ಆದ್ರೆ ಮಗು ಯಾರನ್ನ ಅಮ್ಮಾ ಅನ್ಬೇಕು?"

ಅವರು ನಗಲಿಲ್ಲ. ಅವರ ಮುಂದಿದ್ದ ಕಾಗದದಲ್ಲಿ ಈ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲವೆಂದು ಕಾಣುತ್ತದೆ.

"ಯಾರಮ್ಮಾ ಅದು, ದಿನಾ ಫೋನು?" ಎಂದರು ಅತ್ತೆ.

"ಕೋಡಿಂಗ್ ಕಲಿಸೋರು ಅತ್ತೆ."

"ಕಲಿಸೋರು ಇಷ್ಟು ಬೇಡ್ಕೊಳ್ತಾರಾ? ನನಗೆ ಹೊಲಿಗೆ ಕಲಿಸಿದವಳು ಬಾಗಿಲೇ ತೆಗೀತಿರಲಿಲ್ಲ."

ಮಾರ್ಚ್ 7, ಶುಕ್ರವಾರ

ಟೀಚರಮ್ಮನ ಉಚಿತ ಪಾಠಕ್ಕೆ ಸೇರಿಕೊಂಡೆ. ಪರದೆಯ ಮೇಲೆ ಚೌಕ ಚೌಕವಾಗಿ ಒಂದಷ್ಟು ಮುಖಗಳು. ನನ್ನ ಚೌಕದಲ್ಲಿ ಅರ್ಧ ಮುಖ ನನ್ನದು, ಅರ್ಧ ಮಗಳ ಕಾಲು.

"ಹೆದರ್ಕೋಬೇಡಿ. ಕಂಪ್ಯೂಟರ್ ನಿಮ್ಮನ್ನ ಬೈಯಲ್ಲ, ಬೈಯೋದು ನಾನು" ಎಂದರು. ಸಣ್ಣ ಕೂದಲು, ದೊಡ್ಡ ಕನ್ನಡಕ, ಕೈಯಲ್ಲಿ ಚಹಾ. "ಒಂದು ಪುಟ ಮಾಡಿ. ಅದರಲ್ಲಿ ಒಂದೇ ಸಾಲು ಇರ್ಲಿ. ಇವತ್ತು ಜಗತ್ತಿಗೆ ಏನ್ ಹೇಳ್ಬೇಕು ಅನ್ಸುತ್ತೋ ಅದನ್ನ ಬರೀರಿ."

ಉಳಿದವರೆಲ್ಲ "ನಮಸ್ಕಾರ ಜಗತ್ತೇ", "ಕನಸು ಕಾಣಿ" ಎಂದೆಲ್ಲ ಬರೆಯುತ್ತಿದ್ದರು. ನನಗೆ ಏನೂ ಹೊಳೆಯಲಿಲ್ಲ. ಆಗ ಕೊರಿಯರಿನವನು ಬೆಲ್ ಒತ್ತಿದ. ಆಗಷ್ಟೇ ಕಣ್ಣು ಮುಚ್ಚಿದ್ದ ಮಗಳು ಕಿಟಾರನೆ ಕಿರುಚಿದಳು. ನಾನು ಹಲ್ಲು ಕಚ್ಚಿಕೊಂಡು ಬರೆದೆ: "ಮಗು ಮಲಗಿದೆ. ಬೆಲ್ ಒತ್ತಬೇಡಿ."

ಎಲ್ಲರೂ ನಕ್ಕರು. ಟೀಚರಮ್ಮ ನಗಲಿಲ್ಲ.

"ಇದನ್ನ ಯಾರು ಓದ್ಬೇಕು?"

"ಬಾಗಿಲ ಹತ್ರ ಬಂದವರು, ಟೀಚರ್."

"ಬಂದವರು ಬಾಗಿಲಾಚೆ ಇದ್ದಾರೆ, ಪುಟ ನಿಮ್ಮ ತೊಡೆ ಮೇಲಿದೆ. ಅವರ ಕೈಗೆ ಹೋಗೋದು ಹೇಗೆ? ಯೋಚನೆ ಮಾಡಿ."

ಯೋಚನೆ ಮಾಡುವಷ್ಟು ತಲೆ ನನಗಿಲ್ಲ. ಇದ್ದದ್ದೆಲ್ಲ ಹಾಲಿನ ಜೊತೆ ಹೋಗಿಬಿಟ್ಟಿದೆ.

ಮಾರ್ಚ್ 8, ಶನಿವಾರ

ನಿದ್ದೆ ಇಲ್ಲ. ಹಲ್ಲು ಬರುತ್ತಿದೆ. ನನಗಲ್ಲ.

ಮಾರ್ಚ್ 12, ಬುಧವಾರ

ಪುಟಕ್ಕೆ ಒಂದು ಬಟನ್ ಸೇರಿಸಿದೆ. ಒತ್ತಿದರೆ "ಮಗು ಮಲಗಿದೆ" ಎಂದು ಕೆಂಪಗಾಗುತ್ತದೆ, ಮತ್ತೆ ಒತ್ತಿದರೆ "ಮಗು ಎದ್ದಿದೆ" ಎಂದು ಹಸಿರಾಗುತ್ತದೆ. ಪುಟವನ್ನು ಎಲ್ಲರಿಗೂ ಕಾಣುವ ಹಾಗೆ ಇಂಟರ್‌ನೆಟ್ಟಿಗೆ ಏರಿಸುವುದನ್ನು ಟೀಚರಮ್ಮ ತೋರಿಸಿಕೊಟ್ಟರು. ಅದರ ಕ್ಯೂಆರ್ ಕೋಡನ್ನು ಪ್ರಿಂಟ್ ಹಾಕಿಸಿ ನಮ್ಮ ಬಾಗಿಲಿಗೊಂದು, ಕೆಳಗೆ ಕಟ್ಟಡದ ಗೇಟಿಗೊಂದು ಅಂಟಿಸಿದೆ. ಅಂಟಿಸುವಾಗ ಕಳ್ಳತನ ಮಾಡುವವಳ ಹಾಗೆ ಆಚೀಚೆ ನೋಡಿದೆ.

ನಮ್ಮ ತಲೆಯ ಮೇಲಿನ ಮನೆಯಲ್ಲಿ ತುತ್ತೂರಿ ಮೇಷ್ಟ್ರು ಇದ್ದಾರೆ. ಟ್ರಂಪೆಟ್ ಕಲಿಸುತ್ತಾರೆ. ಅವರ ಶಿಷ್ಯರು ಊದುವುದನ್ನು ಕೇಳಿದರೆ ಆನೆಗೆ ಶೀತವಾದ ಹಾಗಿರುತ್ತದೆ. ಅವರ ಬಾಗಿಲಿಗೂ ಹೋಗಿ ತೋರಿಸಿದೆ.

"ಮಗು ಯಾವಾಗ ಮಲಗುತ್ತೆ ಅಂತ ನನಗೇನು ಕನಸು ಬೀಳುತ್ತಾ ಅಂತ ಅವತ್ತು ನೀವು ಕೇಳಿದ್ರಲ್ಲ ಮೇಷ್ಟ್ರೇ. ಇಲ್ಲಿ ನೋಡಿ."

ಕನ್ನಡಕ ಹಣೆಗೇರಿಸಿ ನೋಡಿದರು. "ಕೆಂಪಿದ್ರೆ ನಾನು ಸುಮ್ನಿರ್ಬೇಕು. ಹಸಿರಿದ್ರೆ ಊದಬಹುದು. ಅಲ್ವಾ?"

"ಅಷ್ಟೇ."

"ರಸ್ತೆ ಸಿಗ್ನಲ್ ಅನ್ನು. ಸರಿ, ನೋಡೋಣ."

ಮಾರ್ಚ್ 13, ಗುರುವಾರ

ಎರಡು ಗಂಟೆ ತೂಗಿ ಮಲಗಿಸಿದ ಮೇಲೆ, ಸರಿಯಾಗಿ ತಲೆಯ ಮೇಲೆ, ಆನೆ. ಮಗಳು ಎದ್ದಳು. ಫೋನ್ ನೋಡಿದರೆ ಪುಟ ಹಸಿರಾಗಿದೆ! ನಾನು ಕೆಂಪು ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಮಗುವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತಿದೆ.

"ಮೇಷ್ಟ್ರೇ, ಏನಿದು?"

"ಎದ್ದಿದೆ ಅಂತ ಇತ್ತಲ್ಲಮ್ಮಾ."

"ಯಾರು ಒತ್ತಿದ್ದು?"

ಮೇಷ್ಟ್ರು ಸೂರು ನೋಡಿದರು. ಶಿಷ್ಯ ನೆಲ ನೋಡಿದ. "ಒತ್ತೋಕೆ ಬಟನ್ ಇತ್ತು, ಒತ್ತಿದೆ" ಎಂದರು ಮೇಷ್ಟ್ರು. "ನನ್ನನ್ಯಾಕೆ ಗುರಾಯಿಸ್ತೀಯಾ? ಬಟನ್ ಇಟ್ಟವಳು ನೀನು."

ಸಿಟ್ಟು ಮಾಡಿಕೊಂಡೇ ಕೆಳಗಿಳಿದೆ. ಅರ್ಧ ಮೆಟ್ಟಿಲಿಗೆ ಬರುವಷ್ಟರಲ್ಲಿ ನಗು ತಡೆಯಲಾಗದೆ ಅಲ್ಲೇ ಕುಳಿತೆ. ಹೌದಲ್ಲ! ಯಾರು ಬೇಕಾದರೂ ಒತ್ತುವ ಹಾಗೆ ಮಾಡಿಟ್ಟಿದ್ದೇನೆ. ಆಮೇಲೆ ತಿಳಿದದ್ದು ಇನ್ನೂ ಚೆಂದ: ನಿನ್ನೆ ಸಂಜೆ ಮೇಷ್ಟ್ರಿಗೆ ಪಾಠ ಮಾಡಲು ಬೇಸರವಾಗಿ, ತಾವೇ ಪುಟವನ್ನು ಕೆಂಪು ಮಾಡಿ, "ಕೆಳಗೆ ಮಗು ಮಲಗಿದೆ, ಇವತ್ತು ಪಾಠ ಇಲ್ಲ" ಎಂದು ಶಿಷ್ಯರನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದರಂತೆ. ಆಗ ಮಗಳು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದಳು.

ಟೀಚರಮ್ಮನಿಗೆ ಹೇಳಿದರೆ, "ಅವರದೇನೂ ತಪ್ಪಿಲ್ಲ. ಬಟನ್ ಕಂಡ್ರೆ ಬೆರಳು ಸುಮ್ನಿರಲ್ಲ. ಒಳ್ಳೆ ಮೇಷ್ಟ್ರು ಸಿಕ್ಕಿದ್ದಾರೆ ನಿಮಗೆ, ಇನ್ನೂ ಏನೇನು ಕೆಡಿಸ್ತಾರೆ ನೋಡ್ತಿರಿ" ಎಂದರು.

ಬಟನ್ ಈಗ ನನ್ನ ಫೋನಿನಲ್ಲಿ ಮಾತ್ರ ಕಾಣುತ್ತದೆ. ಗಂಜಿ ಆರುವಷ್ಟರಲ್ಲಿ ಸರಿಮಾಡಿದೆ. ಗಂಜಿ ಸ್ವಲ್ಪ ಗಟ್ಟಿಯಾಯಿತು.

ಮಾರ್ಚ್ 17, ಸೋಮವಾರ

ಇವತ್ತು ದುಡ್ಡು ಕಟ್ಟಿಯೇಬಿಡುತ್ತಿದ್ದೆ. ಭವಿಷ್ಯಕ್ಕೆ.

ಹೀಗಾಯಿತು. ಅರ್ಧ ಫೀಸಿನ ಸೀಟಿಗೆ ತುಂಬ ಜನ ಅರ್ಜಿ ಹಾಕುತ್ತಿದ್ದಾರೆಂದು ಟೀಚರಮ್ಮ ಹೇಳಿದರು. ಅದು ನನಗೆ ಸಿಗುವುದಿಲ್ಲ ಎನ್ನಿಸಿತು. ಅದೇ ಹೊತ್ತಿಗೆ ಭವಿಷ್ಯ ಫೋನ್ ಮಾಡಿ, ಇವತ್ತೇ ಕಟ್ಟಿದರೆ ಭಾರಿ ರಿಯಾಯಿತಿ ಎಂದರು. ನನ್ನ ಗಂಡ ಲಿಫ್ಟ್ ರಿಪೇರಿ ಮುಗಿಸಿ ಆಗತಾನೆ ಬಂದು ಕೈಯ ಗ್ರೀಸ್ ತೊಳೆಯುತ್ತಿದ್ದರು.

"ರೀ, ಕಟ್ಟಿಬಿಡ್ಲಾ?"

"ಕಟ್ಟು."

"ಬೇಡ ಅಲ್ವಾ?"

"ಬೇಡ."

"ನಿಮಗೆ ಅಂತ ಒಂದು ಅಭಿಪ್ರಾಯ ಇಲ್ವಾ?"

"ಇದೆ. ಹಸಿವಾಗ್ತಿದೆ."

ಪಾವತಿ ಪುಟ ತೆರೆದೆ. "ಪಾವತಿಸಿ" ಎಂಬ ಹಸಿರು ಬಟನ್ ಊಟದ ತಟ್ಟೆಯಷ್ಟಿದೆ. "ಈಗ ಬೇಡ" ಎಂಬುದು ಮೂಲೆಯಲ್ಲಿ ಇರುವೆಯಷ್ಟು, ಅದೂ ಬೂದು ಬಣ್ಣದಲ್ಲಿ. ತೊಡೆಯ ಮೇಲಿದ್ದ ಮಗಳು ತಟ್ಟೆಗೇ ಕೈ ಹಾಕಿದಳು. ಬ್ಯಾಂಕಿನವರು ಒಟಿಪಿ ಕೇಳಿದ್ದರಿಂದ ಬಚಾವಾದೆ. ರದ್ದು ಮಾಡಲು ಹೋದರೆ, "ನಿಮ್ಮ ಕನಸನ್ನು ಕೈಬಿಡುತ್ತಿದ್ದೀರಾ?" ಎಂದು ಪುಟ ಕೇಳಿತು. ಉತ್ತರ ಎರಡೇ: "ಇಲ್ಲ", "ಖಂಡಿತ ಇಲ್ಲ". ನನಗೆ ಮೈಯೆಲ್ಲ ಉರಿದುಹೋಯಿತು. ಭವಿಷ್ಯಕ್ಕೆ ನಾನೇ ಫೋನ್ ಮಾಡಿದೆ.

"ಒಂದು ಕೈಯಲ್ಲಿ ಮಗು ಹಿಡ್ಕೊಂಡು ಇನ್ನೊಂದು ಕೈಯಲ್ಲಿ ನಿಮ್ಮ ಪುಟ ನೋಡಿ ಸರ್, ಆಗ ಗೊತ್ತಾಗುತ್ತೆ. ಹೆಬ್ಬೆರಳು ಎಟುಕೋ ಜಾಗದಲ್ಲೆಲ್ಲ ಪಾವತಿಸಿ ಅಂತಾನೇ ಇಟ್ಟಿದ್ದೀರಿ. ಬೇಡ ಅನ್ನೋದನ್ನೂ ಅಷ್ಟೇ ದೊಡ್ಡದಾಗಿ ಪಕ್ಕದಲ್ಲೇ ಇಡಿ. ಒಟ್ಟು ಎಷ್ಟಾಗುತ್ತೆ ಅನ್ನೋದು ಮೂರನೇ ಪುಟಕ್ಕೆ ಬರೋದಲ್ಲ, ಮೊದಲನೇದಕ್ಕೇ ಬರ್ಬೇಕು..." ಮಗಳು ನಿದ್ದೆ ಹೋಗುವವರೆಗೂ ಹೇಳಿದೆ.

ಕೊನೆಗೆ ಅವರು ಮೆಲ್ಲಗೆ ಕೇಳಿದರು, "ಮೇಡಂ, ನೀವು ಇದೇ ಫೀಲ್ಡಲ್ಲಿ ಇದ್ದೀರಾ?"

"ಅಯ್ಯೋ ಇಲ್ಲ ಸರ್. ನಂಗೇನೂ ಬರಲ್ಲ."

ಪಾಪ, ಏನೂ ಗೊತ್ತಿಲ್ಲದವಳ ಮಾತನ್ನು ಅಷ್ಟು ಹೊತ್ತು ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ.

ಮಾರ್ಚ್ 21, ಶುಕ್ರವಾರ

ಎರಡನೇ ಮಹಡಿಯ ನರ್ಸಮ್ಮ ಮೆಟ್ಟಿಲಲ್ಲಿ ಹಿಡಿದುಕೊಂಡರು. ಆಕೆಗೆ ಯಾವಾಗಲೂ ರಾತ್ರಿ ಪಾಳಿ. "ಮಗುಗೆ ಮಾತ್ರ ನಿದ್ದೆ ಬೇಕಾ? ನಾನು ಹಗಲೆಲ್ಲ ಮಲಗೋಳು, ನನ್ನ ಬೆಲ್ಲೂ ಒತ್ತುತ್ತಾರೆ. ನನ್ನನ್ನೂ ಸೇರಿಸೇ." ಸೇರಿಸಿದೆ. ಅದನ್ನು ನೋಡಿ ಇನ್ನೂ ಕೆಲವು ಮನೆಯವರು ಕೇಳಿದರು. ಈಗ ಒಂದೊಂದು ಮನೆಗೆ ಒಂದೊಂದು ಸಾಲು, ಅವರವರ ಬಟನ್ ಅವರವರ ಕೈಯಲ್ಲಿ.

ಅತ್ತೆಗೂ ಮಧ್ಯಾಹ್ನ ಒಂದು ನಿದ್ದೆ ಬೇಕು. ಆದರೆ "ಅತ್ತೆ ಮಲಗಿದ್ದಾರೆ" ಎಂದು ಹಾಕಿದ್ದಕ್ಕೆ ಕೆಂಡವಾದರು.

"ಹಗಲು ಮಲಗ್ತೀನಿ ಅಂತ ಬೀದಿಗೆಲ್ಲ ಸಾರ್ತೀಯಾ?"

"ಮತ್ತೆ ಏನ್ ಹಾಕ್ಲಿ ಅತ್ತೆ?"

"ಓದ್ತಿದ್ದಾರೆ ಅಂತ ಹಾಕು."

ಹಾಕಿದೆ. ಈಗ ಕಟ್ಟಡದಲ್ಲಿ ಅವರಿಗೆ ಭಾರಿ ಮರ್ಯಾದೆ. "ನಿಮ್ಮ ಅತ್ತೆ ಎಷ್ಟು ಓದ್ತಾರಪ್ಪಾ!" ಎಂದರು ಮೇಷ್ಟ್ರು.

ಕೊರಿಯರಿನವನು ಬಿಸಿಲಲ್ಲಿ ಹೆಲ್ಮೆಟ್ ತೆಗೆಯದೆ ಓದುತ್ತಾನೆ, ಅಕ್ಷರ ಕಾಣುವುದಿಲ್ಲವೆಂದ. ಗೇಟಿನ ಹತ್ತಿರ ನಿಂತು ಅವನ ಫೋನಿನಲ್ಲೇ ನೋಡಿ ಅಕ್ಷರ ದಪ್ಪ ಮಾಡಿದೆ. ಕೆಂಪು, ಹಸಿರು ಎರಡೂ ಒಂದೇ ಬಣ್ಣವಾಗಿ ಕಾಣುತ್ತವೆ ಎಂದ ಪೇಪರ್ ಹಾಕುವವನಿಗಾಗಿ ಪ್ರತಿ ಸಾಲಿಗೂ ಮುಚ್ಚಿದ ಕಣ್ಣು, ತೆರೆದ ಕಣ್ಣು ಬರೆದಿಟ್ಟೆ. ಇದೆಲ್ಲ ಆಟ. ಕೋರ್ಸು ಸಿಕ್ಕಿದ ಮೇಲೆ ನಿಜವಾದದ್ದನ್ನು ಕಲಿಯಬೇಕು.

ಅರ್ಧ ಸೀಟಿಗೆ ಅರ್ಜಿ ಹಾಕಿದೆ. "ನೀವು ಏನು ಮಾಡಿದ್ದೀರಿ?" ಎಂಬಲ್ಲಿ "ವಿಶೇಷವೇನಿಲ್ಲ" ಎಂದು ಬರೆದು, ಪುಟದ ವಿಳಾಸ ಕೊಟ್ಟೆ.

ಮಾರ್ಚ್ 25, ಮಂಗಳವಾರ

ಮಗಳಿಗೆ ಜೋರು ಜ್ವರ. ಆಸ್ಪತ್ರೆ.

ಮಾರ್ಚ್ 26, ಬುಧವಾರ

ಜ್ವರ ಇಳಿದಿದೆ. ಬಿಲ್ಲನ್ನು ನನ್ನ ಹಣದಿಂದಲೇ ಕಟ್ಟಿದೆವು. ಕಟ್ಟುವಾಗ ಒಂದು ಕ್ಷಣವೂ ಯೋಚಿಸಲಿಲ್ಲ. ಮನೆಗೆ ಬಂದು ಯೋಚಿಸಿದೆ. ಪೂರ್ತಿ ಫೀಸಿನ ಮಾತು ಇನ್ನು ಇಲ್ಲ. ಅರ್ಧ ಫೀಸಿನ ಸೀಟು ಸಿಕ್ಕಿದರೆ ಕಲಿಯುವುದು. ಇಲ್ಲವಾದರೆ ದೂರಿನ ಪತ್ರಗಳಿಗೆ ಉತ್ತರ ಬರೆಯುವ ಕೆಲಸವನ್ನು ಇನ್ನೂ ಯಂತ್ರಕ್ಕೆ ಕೊಡದ ಆಫೀಸು ಎಲ್ಲಾದರೂ ಉಳಿದಿದೆಯೇ ಎಂದು ಹುಡುಕುವುದು.

ಮಗಳು ಜ್ವರದ ನಡುವೆಯೂ ನಗುತ್ತಿದ್ದಳು. ಎರಡು ಹಲ್ಲು.

ಮಾರ್ಚ್ 28, ಶುಕ್ರವಾರ

ರಾತ್ರಿ ಊಟ ಮುಗಿಸಿ ಬೇಡದ ಮೇಲ್‌ಗಳನ್ನು ಅಳಿಸುತ್ತ ಕುಳಿತಿದ್ದೆ. ಭವಿಷ್ಯ ಕಳಿಸಿದ ಒಂದು ರಾಶಿ ರಿಯಾಯಿತಿಗಳ ಮಧ್ಯೆ ಟೀಚರಮ್ಮನ ಮೇಲ್! ಮಂಗಳವಾರವೇ ಬಂದು ಅಲ್ಲಿ ಬಿದ್ದಿದೆ. "ಅರ್ಧ ಫೀಸಿನ ಸೀಟಿಗೆ ಕೊನೆಗೆ ಉಳಿದ ಇಬ್ಬರಲ್ಲಿ ನೀವೊಬ್ಬರು. ನೀವು ಮಾಡಿದ್ದನ್ನು ಬಳಸಿದ ಒಬ್ಬರು, ನಿಮ್ಮ ಮನೆಯವರಲ್ಲದವರು, ಶನಿವಾರ ಬೆಳಕು ಹರಿಯುವುದರೊಳಗೆ ನನಗೆ ಫೋನ್ ಮಾಡಬೇಕು. ಯಾರ ಫೋನೂ ಬರದಿದ್ದರೆ ಸೀಟು ಇನ್ನೊಬ್ಬರಿಗೆ. ಅರ್ಧ ಫೀಸು ಮೊದಲೇ ಕಟ್ಟಿಡಿ. ಸೀಟು ಬರದಿದ್ದರೆ ವಾಪಸ್ ಕೊಡುತ್ತೇನೆ."

ಶನಿವಾರ ಎಂದರೆ ನಾಳೆ. ತಕ್ಷಣ ಫೋನ್ ಮಾಡಿದೆ.

"ಟೀಚರ್, ಈಗ ನೋಡಿದೆ. ಒಂದೇ ಒಂದು ದಿನ ಕೊಡಿ."

"ಇನ್ನೊಬ್ಬಳಿಗೂ ಇದೇ ಗಡುವು ಕಣಮ್ಮಾ. ನಿಮಗೆ ಮಾತ್ರ ಬಿಟ್ರೆ ಅವಳಿಗೆ ಅನ್ಯಾಯ ಅಲ್ವಾ? ಹೊರದೇಶದ ಬ್ಯಾಚಿಗೆ ಪಾಠ ಇದೆ, ರಾತ್ರಿಯೆಲ್ಲ ಎದ್ದೇ ಇರ್ತೀನಿ. ಎಷ್ಟು ಹೊತ್ತಿಗೆ ಮಾಡಿದ್ರೂ ಎತ್ತೋಳು ನಾನೇ."

"ಮೇಲ್ ಮಾಡಿಸ್ಲಾ?"

"ಮೇಲ್ ಯಾರು ಬೇಕಾದ್ರೂ ಬರೀತಾರೆ. ನನಗೆ ಗಂಟಲು ಕೇಳಿಸ್ಬೇಕು."

ಮೇಷ್ಟ್ರು ಬ್ಯಾಂಡಿನ ಜೊತೆ ಬೇರೆ ಊರಿಗೆ ಹೋಗಿದ್ದಾರೆ, ಫೋನ್ ಸ್ವಿಚ್ ಆಫ್. ನರ್ಸಮ್ಮ ಪಾಳಿಯಲ್ಲಿದ್ದಾರೆ, ಪಾಳಿ ನಡುವೆ ಬಿಡುವಿದ್ದಾಗ ಮಾತ್ರ ಫೋನ್ ಕೈಗೆ. ಇಬ್ಬರಿಗೂ ಮೆಸೇಜ್ ಹಾಕಿದೆ, ಇಬ್ಬರೂ ನೋಡಿಲ್ಲ. ಉಳಿದವರ ನಂಬರ್ ನನ್ನ ಬಳಿ ಇಲ್ಲ, ಅವರು ನನಗೆ ಬರೀ ಸಾಲುಗಳು. ಆ ಸಾಲುಗಳೋ, ಪುಟ ತೆರೆದು ನೋಡಿದರೆ, ಮೇಲಿಂದ ಕೆಳಗಿನವರೆಗೆ ಕೆಂಪು. ಬೆಲ್ ಒತ್ತಬೇಡಿ ಎಂದು ಇಡೀ ಕಟ್ಟಡಕ್ಕೆ ಹೇಳಿಕೊಟ್ಟವಳು, ಈಗ ನಾನೇ ಹೋಗಿ ಬೆಲ್ ಒತ್ತಲೇ?

"ನಾನು ಗಂಟಲು ಬದಲಾಯಿಸಿ ಮಾಡ್ಲಾ?" ಎಂದರು ಅತ್ತೆ. ಮಾಡಿಯೂ ತೋರಿಸಿದರು: "ಹಲೋ, ನಾನು ಕೊರಿಯರಿನವನು ಮಾತಾಡೋದು..."

"ಅಮ್ಮಾ, ಕೊರಿಯರಿನವನಿಗೆ ಇಷ್ಟು ಕೆಮ್ಮು ಇರಲ್ಲ" ಎಂದರು ನನ್ನ ಗಂಡ.

"ಹಾಗಾದ್ರೆ ನೀನು ಮಾಡು. ಗಂಡ ಅಂತ ಹೇಳ್ಬೇಡ."

"ಬೇಡ ಅತ್ತೆ" ಎಂದೆ. "ಸುಳ್ಳು ಹೇಳಿ ಸಿಕ್ಕೋ ಸೀಟು ನನಗೆ ಬೇಡ."

ಇಬ್ಬರೂ ನನ್ನ ಮುಖ ನೋಡಿದರು. ಯಾಕೆ ಹಾಗೆ ನೋಡಿದರೋ ಗೊತ್ತಿಲ್ಲ. ಹಾಲಿನ ಪುಡಿ ಕಲಕುತ್ತ, ಒಂದೇ ಕೈಯಲ್ಲಿ, ಅರ್ಧ ಫೀಸು ಕಟ್ಟಿದೆ. ಟೀಚರಮ್ಮನ ಪಾವತಿ ಪುಟದಲ್ಲಿ "ಬೇಡ" ಎನ್ನುವುದೂ "ಪಾವತಿಸಿ"ಯಷ್ಟೇ ದೊಡ್ಡದಿದೆ.

ಮಾರ್ಚ್ 29, ಶನಿವಾರ, ಇನ್ನೂ ಕತ್ತಲು

ಇದೊಂದನ್ನು ಇಲ್ಲಿ ಬರೆದು ನಮ್ಮ ಕಟ್ಟಡದ ಪುಟದ ನೆತ್ತಿಗೆ ಅಂಟಿಸುತ್ತೇನೆ. ಯಾರ ಸಾಲಿಗೂ ಅಡ್ಡ ಬರುವುದಿಲ್ಲ, ಅವರವರ ಮುಚ್ಚಿದ, ತೆರೆದ ಕಣ್ಣುಗಳು ಕೆಳಗೆ ಹಾಗೇ ಇವೆ.

ಇದನ್ನು ಓದುತ್ತಿರುವವರೇ, ನೀವು ಯಾರೋ ನನಗೆ ಗೊತ್ತಿಲ್ಲ. ಪೇಪರ್ ಹಾಕಲು ಬಂದಿರಬಹುದು. ಪಾಳಿಯ ನಡುವೆ ಚಹಾ ಕುಡಿಯುತ್ತಿರಬಹುದು. ತುತ್ತೂರಿ ಊದಬಹುದೇ ಎಂದು ಇಷ್ಟು ಬೇಗ ನೋಡುತ್ತಿದ್ದರೆ, ಬೇಡಪ್ಪಾ, ಇನ್ನೂ ಕತ್ತಲಿದೆ. ಈ ಪುಟ ಮಾಡಿದವಳು ನಾನು, ಮೂರನೇ ಮಹಡಿಯ ಮಗುವಿನ ಅಮ್ಮ. ಇದನ್ನು ಇನ್ನೂ ಚೆನ್ನಾಗಿ ಮಾಡಲು ಕಲಿಯುವ ಆಸೆ ನನಗಿದೆ. ಅದಕ್ಕೊಂದು ಸೀಟು ಇದೆ. ಅದು ನನಗೋ ಇನ್ನೊಬ್ಬಳಿಗೋ ಎಂಬುದು ಬೆಳಕು ಹರಿಯುವುದರೊಳಗೆ ತೀರ್ಮಾನವಾಗುತ್ತದೆ.

ಕೆಳಗಿನ ದೊಡ್ಡ ಬಟನ್ ಒತ್ತಿದರೆ ಫೋನ್ ನೇರವಾಗಿ ನಮ್ಮ ಟೀಚರಿಗೆ ಹೋಗುತ್ತದೆ. ಹೆಬ್ಬೆರಳಿಗೆ ಎಟುಕುವ ಹಾಗೆ ಇಟ್ಟಿದ್ದೇನೆ. ಪಕ್ಕದಲ್ಲಿ "ಬೇಡ" ಎಂಬುದೂ ಇದೆ, ಅಷ್ಟೇ ದೊಡ್ಡದಾಗಿ. ಅದನ್ನು ಒತ್ತಿದರೆ ನನಗೇನೂ ಬೇಜಾರಿಲ್ಲ. ಬೇಜಾರಿದೆ, ಆದರೂ ಒತ್ತಬಹುದು. ನನ್ನನ್ನು ಹೊಗಳಬೇಡಿ, ಅವರಿಗೆ ಹೊಗಳಿಕೆ ಆಗಿಬರುವುದಿಲ್ಲ. ಇದನ್ನು ನೋಡಿ ಎಂದಾದರೂ ಒಂದು ಬಾಗಿಲ ಮುಂದಿನಿಂದ ಸದ್ದಿಲ್ಲದೆ ಹಿಂದೆ ಹೋಗಿದ್ದರೆ ಅದನ್ನು ಹೇಳಿ. ಸರಿ ಇಲ್ಲದ್ದೇನಾದರೂ ಕಂಡಿದ್ದರೆ ಅದನ್ನೂ ಹೇಳಿ, ಅದು ಇನ್ನೂ ಒಳ್ಳೆಯದು. ನಿಮ್ಮ ಗಂಟಲು ಅವರಿಗೆ ಕೇಳಿಸಿದರೆ ಸಾಕು.

ಇಷ್ಟು ಹೊತ್ತಿಗೆ ಹೇಗೆ ಮಾಡುವುದು ಎಂದು ಸಂಕೋಚಪಡಬೇಡಿ. ಆಕೆ ಎದ್ದಿದ್ದಾರೆ, ನಾನೂ ಎದ್ದಿದ್ದೇನೆ. ಆಮೇಲೆ ಮಾಡೋಣ ಎಂದು ಫೋನನ್ನು ಜೇಬಿಗೆ ಹಾಕಿಕೊಳ್ಳಬೇಡಿ, ನಿಮ್ಮ ಕೈ ಹಿಡಿದು ಕೇಳಿಕೊಳ್ಳುತ್ತೇನೆ. ಕಿಟಕಿಯಾಚೆ ಆಕಾಶ ಆಗಲೇ ಬೂದಿಯ ಬಣ್ಣಕ್ಕೆ ತಿರುಗುತ್ತಿದೆ. ಈಗಲೇ ಮಾಡಿ. ಬೆಳಗಾಗುವ ಮೊದಲು, ಒಂದೇ ಒಂದು ಫೋನ್ ಮಾಡಿ.